ಕಲ್ಲಿನ ಮನೆಗೆ ಸಿಮೆಂಟು ಮೆತ್ತಬೇಡಿ

ನಿನ್ನೆ ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಕಡೆ ಹೋಗಿದ್ದೆ. ಅಡಿಲೇಡ್‌ನಿಂದ ಉತ್ತರಕ್ಕೆ ಎರಡು ತಾಸಿನ ದಾರಿ. ಊರಾಚೆ ಗೋಧಿ ಹೊಲದ ನಡುವೆ ವಸಾಹತು ಕಾಲದ ಒಂದು ರೈತನ ಮನೆ, ಪೂರ್ತಿ ಕಲ್ಲಿನದು. ಮಾಲೀಕರು ಒಳ್ಳೆಯವರು, ಪ್ರೀತಿಯಿಂದ ಕರೆದು ತೋರಿಸಿದರು. "ರಿಪೇರಿ ಮಾಡಿಸಿದ್ದೇವೆ, ಇನ್ನು ನೂರು ವರ್ಷ ಚಿಂತೆ ಇಲ್ಲ" ಅಂದರು. ನೋಡಿದರೆ ಗೋಡೆಯ ಸಂದುಸಂದಿಗೂ ಬೂದು ಸಿಮೆಂಟು! ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು.

ಬಗ್ಗಿ ನೋಡಿದೆ. ಮೊಣಕಾಲೆತ್ತರದವರೆಗೂ ಕಲ್ಲಿನ ಮುಖ ಹಪ್ಪಳದ ಹಾಗೆ ಪದರಪದರವಾಗಿ ಎದ್ದಿತ್ತು. ಬೆರಳಾಡಿಸಿದರೆ ಹುಡಿ ಉದುರಿತು, ಬೆರಳಿಗೆ ಬಿಳಿ ಉಪ್ಪು ಅಂಟಿತು. ಕಲ್ಲು ಸವೆದು ಒಳಗೆ ಹೋಗಿದೆ, ಸಿಮೆಂಟು ಮಾತ್ರ ಗಟ್ಟಿಯಾಗಿ ಹೊರಗೆ ಚಾಚಿಕೊಂಡು ನಿಂತಿದೆ.

ನಮ್ಮಪ್ಪ ಗೌಂಡಿ ಅನ್ನುವುದು ನಿಮಗೆಲ್ಲ ಗೊತ್ತು. ಗಚ್ಚು, ಅಂದರೆ ಕಲ್ಲಿನ ಸಂದಿಗೆ ತುಂಬುವ ಸುಣ್ಣದ ಗಾರೆ, ಉಸಿರಾಡುತ್ತದೆ ಅನ್ನುವುದನ್ನು ನಾನು ಕಲಿತದ್ದು ಅವರ ಬಾಯಿಂದಲೇ. ಆ ಕಾಲದ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಹೆಚ್ಚಾಗಿ ಇರುತ್ತಿರಲಿಲ್ಲ. ನೆಲದ ನೀರು ಉಪ್ಪನ್ನೂ ಹೊತ್ತು ಮೇಲೇರುತ್ತದೆ. ಸಂದಿನಲ್ಲಿ ಸುಣ್ಣದ ಗಚ್ಚು ಇದ್ದರೆ ನೀರು ಅದರ ಮೂಲಕವೇ ಆರಿಹೋಗುತ್ತದೆ. ಉಪ್ಪು ಗಚ್ಚನ್ನು ತಿನ್ನುತ್ತದೆ, ಕಲ್ಲು ಉಳಿಯುತ್ತದೆ. ಗಚ್ಚು ಸವೆದರೆ ಕೆರೆದು ಹೊಸದು ತುಂಬಿದರಾಯಿತು, ಅದು ಇರುವುದೇ ಅದಕ್ಕೆ. ಸಂದಿಗೆ ಸಿಮೆಂಟು ತುಂಬಿ ಆ ದಾರಿ ಮುಚ್ಚಿದಿರೋ, ನೀರು ಕಲ್ಲಿನೊಳಗಿಂದಲೇ ಹೊರಬೀಳಬೇಕು. ಆಗ ಉಪ್ಪು ಕಲ್ಲೊಳಗೇ ಹರಳುಗಟ್ಟಿ ಅದನ್ನು ಸಿಡಿಸುತ್ತದೆ. ಹೀಗೆ ಉಪ್ಪುನೀರು ಗೋಡೆ ತಿನ್ನುವುದಕ್ಕೆ ಸಾಲ್ಟ್ ಡ್ಯಾಂಪ್ ಅನ್ನುತ್ತಾರೆ, ಆ ಹೆಸರು ಕೇಳಿದರೆ ಇಲ್ಲಿ ಹಳೆ ಮನೆ ಇರುವವರೆಲ್ಲ ಬೆಚ್ಚುತ್ತಾರೆ. ಆದರೂ ಸಿಮೆಂಟೇ ಮೆತ್ತುತ್ತಾರೆ!

ಮರ ಕಡಿಮೆಯಿದ್ದ ಸೀಮೆಯಲ್ಲಿ ಹೊಲದಲ್ಲಿ ಆಯ್ದ ಕಲ್ಲಿನಿಂದ, ಹತ್ತಿರದಲ್ಲೇ ಸುಟ್ಟ ಸುಣ್ಣದಿಂದ ಕಟ್ಟಿಕೊಂಡ ಮನೆಗಳಿವು. (ಆ ನೆಲ ಅದಕ್ಕೂ ಮೊದಲು ಙಾಜುರಿ ಎಂಬ ಮೂಲನಿವಾಸಿ ಜನರದು. ಅದನ್ನು ಮರೆತು ಈ ಮನೆಗಳನ್ನು ಹೊಗಳಲಾರೆ.) 1865ರಲ್ಲಿ ಜಾರ್ಜ್ ಗಾಯ್ಡರ್ ಅನ್ನುವ ಸರ್ವೇಯರ್ ನಕಾಶೆಯ ಮೇಲೆ ಗೆರೆ ಎಳೆದು, ಇದರಾಚೆ ಮಳೆ ನಂಬಬೇಡಿ ಅಂದ. 1870ರ ದಶಕದಲ್ಲಿ ಮಳೆ ಚೆನ್ನಾಗಿ ಬಿತ್ತು, ಜನ ಗೆರೆ ದಾಟಿ ಬಿತ್ತಿದರು. ಆಮೇಲೆ ಬರ ಬಂತು. ಬಿಟ್ಟುಹೋದ ಎಷ್ಟೋ ಮನೆಗಳ ಗೋಡೆಗಳು ಸೂರಿಲ್ಲದೆ ಇವತ್ತಿಗೂ ನಿಂತಿವೆ. ಹಾಕರ್ ಊರಿನ ಹತ್ತಿರದ ಕನ್ಯಾಕದಲ್ಲಿ ಕುರಿ ಸಾಕಿದವರ ಪಾಳುಮನೆಯನ್ನೂ ನೋಡಿ ಬನ್ನಿ. ಬಿಸಿಲು, ಗಾಳಿ, ಬರ ಎಲ್ಲ ತಡೆದ ಕಲ್ಲು ಇಲ್ಲಿ ನಾಲ್ಕು ಚೀಲ ಸಿಮೆಂಟಿಗೆ ಸೋಲುತ್ತಿದೆ.

ಸುಣ್ಣದ ಕೆಲಸ ನಿಧಾನ, ದುಬಾರಿ, ಕೆಲಸ ಬಲ್ಲವರು ಸಿಗುವುದಿಲ್ಲ ಅನ್ನುತ್ತೀರಿ. ಹೌದು, ಸಿಗುವುದು ಕಷ್ಟ. ಆದರೆ ಮೆತ್ತಿದ ಸಿಮೆಂಟು ಕೀಳುವಾಗ ಕಲ್ಲಿನ ಅಂಚೂ ಕಿತ್ತುಬರುತ್ತದಲ್ಲ, ಆ ಕಲ್ಲು ಬದಲಿಸುವ ಖರ್ಚನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ? ಕೆಲಸ ಕೊಡದಿದ್ದರೆ ಕೆಲಸ ಬಲ್ಲವರು ಎಲ್ಲಿಂದ ಹುಟ್ಟಬೇಕು?

ನನಗಂತೂ ಇದು ಮನೆಯ ನೋವು. ಅಪ್ಪನ ಕೊನೆಯ ವರ್ಷಗಳಲ್ಲಿ ಗಚ್ಚಿನ ಕೆಲಸಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಸಿಮೆಂಟು ಕಲಸುವ ಕೂಲಿಗೆ ಕರೆದರು. ಹೋಗಿ ಬಂದ ರಾತ್ರಿ ಅವರಿಗೆ ಊಟ ಸೇರುತ್ತಿರಲಿಲ್ಲ.

ಹಳೆ ಕಟ್ಟಡಗಳ ರಕ್ಷಣೆಗೆ ಆಸ್ಟ್ರೇಲಿಯಾದವರು ಒಪ್ಪಿಕೊಂಡ ಬರ್ರಾ ಚಾರ್ಟರ್ ರೂಪುಗೊಂಡದ್ದು ಇದೇ ಊರಲ್ಲಿ, 1979ರಲ್ಲಿ. ಬೇಕಾದಷ್ಟು ಮಾಡಿ, ಆದರೆ ಆದಷ್ಟೂ ಕಡಿಮೆ ಮುಟ್ಟಿ ಅನ್ನುತ್ತದೆ ಅದು. ಭಾರತದಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ನಮ್ಮ ಇಂಟ್ಯಾಕ್ ಸಂಸ್ಥೆಯ 2004ರ ಚಾರ್ಟರ್ ಇನ್ನೂ ಮುಂದೆ ಹೋಗಿ, ಕಟ್ಟಡದ ಜೊತೆಗೆ ಕಟ್ಟುವವರ ವಿದ್ಯೆಯನ್ನೂ ಉಳಿಸಿ ಅನ್ನುತ್ತದೆ. ಅದನ್ನು ಓದಿದಾಗ ಅಪ್ಪನ ನೆನಪಾಗಿ ಅತ್ತಿದ್ದೆ.

ಅಡಿಲೇಡ್ ಸುತ್ತಮುತ್ತ ಹಳೆ ಕಲ್ಲಿನ ಮನೆ ಕೊಳ್ಳುವ ಯೋಚನೆಯಲ್ಲಿರುವ ಗೆಳೆಯರೇ, ಮೊದಲು ಬಾಗಿಲು ಕಿಟಕಿ ನೋಡಬೇಡಿ, ಗೋಡೆಯ ಬುಡ ನೋಡಿ. ಸಂದಿನಲ್ಲಿರುವುದು ಉಗುರಿಗೆ ಕೆರೆದುಬರುವ ಬಿಳಿ ಗಚ್ಚೋ, ಬೂದು ಸಿಮೆಂಟೋ ತಿಳಿಯದಿದ್ದರೆ ಮೆಸೇಜ್ ಮಾಡಿ. ಭಾನುವಾರ ನಾನೇ ಬಂದು ನೋಡಿ ಹೇಳುತ್ತೇನೆ.