ಪಿಕಳಾರ ಪುನಶ್ಚೇತನಕ್ಕೊಂದು ಕರಡು

ನ್ಯೂಜಿಲೆಂಡಿನವರಿಗೆ ಯೋಜನೆ ರೂಪಿಸಲು ಬರುವುದಿಲ್ಲ ಎಂಬುದಕ್ಕೆ ಚಾಥಮ್ ದ್ವೀಪಗಳ ಕಪ್ಪು ರಾಬಿನ್ ಹಕ್ಕಿಯೇ ಸಾಕ್ಷಿ. 1980ರಲ್ಲಿ ಆ ಜಾತಿಯಲ್ಲಿ ಉಳಿದದ್ದು 5 ಹಕ್ಕಿಗಳು, ಅವುಗಳಲ್ಲಿ ಮರಿಮಾಡಬಲ್ಲ ಹೆಣ್ಣು ಒಂದೇ ಒಂದು. ಉನ್ನತ ಮಟ್ಟದ ಸಮಿತಿ ರಚಿಸಿ, ಅದರ ವರದಿಯ ಪರಿಶೀಲನೆಗೆ ಉಪಸಮಿತಿ ನೇಮಿಸುವ ಇಂಥ ಸುಸಂದರ್ಭವನ್ನು ಕೈಬಿಟ್ಟು, ಪಕ್ಷಿ ಸಂರಕ್ಷಕ ಡಾನ್ ಮರ್ಟನ್ ಮತ್ತು ಸಂಗಡಿಗರು ಆ ಹೆಣ್ಣಿನ ಮೊಟ್ಟೆಗಳನ್ನು ಟಾಮ್‌ಟಿಟ್ ಎಂಬ ಬೇರೆ ಹಕ್ಕಿಯ ಗೂಡಿನಲ್ಲಿಟ್ಟು ಕಾವು ಕೊಡಿಸಿದರು. ಗೂಡು ಬರಿದಾದ ತಾಯಿ ಮತ್ತೆ ಮೊಟ್ಟೆಯಿಟ್ಟಿತು. ಈಗ ಅವು ಇನ್ನೂರಕ್ಕೂ ಹೆಚ್ಚಿವೆ. ಶಂಕುಸ್ಥಾಪನೆಯಿಲ್ಲದೆ ಇಷ್ಟೆಲ್ಲ ನಡೆದುಹೋದದ್ದು ನಿಜಕ್ಕೂ ವಿಷಾದಕರ.

ನಮ್ಮ ಚಿಕ್ಕಬಳ್ಳಾಪುರಕ್ಕೆ ಕಡಲಿಲ್ಲದಿದ್ದರೂ ದ್ವೀಪಗಳಿವೆ. ಹೊಲ, ಲೇಔಟುಗಳ ನಡುವೆ ಎದ್ದುನಿಂತ ನಂದಿಯಂಥ ಬಂಡೆಬೆಟ್ಟಗಳೇ ಅವು. ದಕ್ಷಿಣ ಭಾರತದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಕಾಣದ ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್ ಹಕ್ಕಿ) ಬದುಕುವುದು ಇಂಥ ಬೆಟ್ಟಗಳ ಕುರುಚಲಿನಲ್ಲಿ. ಬೇಸಿಗೆಯ ಬೆಂಕಿಯಿಂದಲೂ ಕಲ್ಲುಗಣಿಗಾರಿಕೆಯಿಂದಲೂ ಅದರ ನೆಲೆ ಕುಗ್ಗುತ್ತಿರುವುದರಿಂದ, ಜಿಲ್ಲೆಯ ಹಿತ ಬಯಸಿ ಈ ಕರಡನ್ನು ಸಲ್ಲಿಸುತ್ತಿದ್ದೇನೆ.

ಮೊದಲಿಗೆ ಗಣತಿ ನಡೆಯಲಿ, ಅದೂ ಭಾನುವಾರವೇ ನಡೆಯಲಿ. ಬೆಂಗಳೂರಿನ ಕಾರುಗಳು ತಿರುವು ತಿರುವಿನಲ್ಲೂ ಹಾರನ್ ಬಾರಿಸುತ್ತ ನಂದಿಯೇರುವ ಆ ಬೆಳಗಿನಲ್ಲಿ ಈ ನಾಚಿಕೆಯ ಹಕ್ಕಿ ಪೊದೆ ಬಿಟ್ಟು ಬರುವುದು ಕಷ್ಟವಾದ್ದರಿಂದ, ‘ಕಂಡುಬಂದಿಲ್ಲ’ ಎಂದು ಷರಾ ಬರೆಯಲು ಅನುಕೂಲ. ಕಂಡುಬರದ ಹಕ್ಕಿಯಿಂದ ಯಾವ ಕಾಮಗಾರಿಗೂ ಅಡ್ಡಿಯಿಲ್ಲ. ಬಳಿಕ ಪೊದೆಗಳನ್ನು ಸವರಿ ಸಮತಟ್ಟು ಮಾಡಿದ ಜಾಗದಲ್ಲಿ ಪಿಕಳಾರದ ಇಪ್ಪತ್ತಡಿ ಫೈಬರ್ ಪ್ರತಿಮೆಯೂ ಸೆಲ್ಫಿ ಕಟ್ಟೆಯೂ ಎದ್ದುನಿಲ್ಲಲಿ. ಕೊರಳಿಗೆ ಯಾವ ಹಳದಿ ಎಂಬುದನ್ನು ಗುತ್ತಿಗೆದಾರರ ವಿವೇಚನೆಗೆ ಬಿಡಬಹುದು. 2023ರಲ್ಲಿ ಶಂಕುಸ್ಥಾಪನೆಯಾದ ರೋಪ್‌ವೇಯ ತೊಟ್ಟಿಲುಗಳ ಮೇಲೂ ಹಕ್ಕಿಯ ಚಿತ್ರವಿದ್ದರೆ ಸಂರಕ್ಷಣೆಯ ಸಂದೇಶ ಬೆಟ್ಟದ ತುದಿಯವರೆಗೂ ತಲುಪುತ್ತದೆ.

ಕಲ್ಲುಗಣಿಯದು ತುಸು ಸೂಕ್ಷ್ಮ ವಿಷಯ. ಪಿಕಳಾರಕ್ಕೆ ಬಂಡೆಯೂ ಕುರುಚಲೂ ಬೇಕೆಂದು ಪಕ್ಷಿತಜ್ಞರು ಹೇಳುತ್ತಾರೆ. ಕುರುಚಲಿನ ಮಾತನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳೋಣ. ಬಂಡೆಯಾದರೋ ಕ್ರಷರ್‌ನಲ್ಲಿ ಜಲ್ಲಿಯಾಗಿ, ಟಿಪ್ಪರ್ ಏರಿ, ರಾಜಧಾನಿಯ ಯಾವುದೋ ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿಯನ್ನು ಸೇರಿದ ಮೇಲೂ ಮೂಲತಃ ನಂದಿಸೀಮೆಯ ಬಂಡೆಯೇ ಆಗಿರುವುದರಿಂದ, ಹಕ್ಕಿಯ ಆವಾಸಸ್ಥಾನ ನಾಶವಾಗಿಲ್ಲ, ಆಡಳಿತಾತ್ಮಕ ಕಾರಣಗಳಿಂದ ವರ್ಗಾವಣೆಯಾಗಿದೆ ಎಂದು ನಮೂದಿಸತಕ್ಕದ್ದು. ನಿಗದಿತ ಅವಧಿಯೊಳಗೆ ಹೊಸ ಸ್ಥಳದಲ್ಲಿ ವರದಿ ಮಾಡಿಕೊಳ್ಳದ ಪಿಕಳಾರಗಳಿಗೆ ಕಾರಣ ಕೇಳಿ ನೋಟಿಸ್ ಜಾರಿ ಮಾಡಬಹುದು.