ಠರಾವಿಲ್ಲದ ಮೀಟಿಂಗು

ಆನ್‌ಲೈನ್ ಮೀಟಿಂಗಿನ ಮೊದಲ ಐದು ನಿಮಿಷ ಎಲ್ಲ ಕಡೆಯೂ ಒಂದೇ. 'ಕೇಳಸ್ತದೇನ್ರಿ?' 'ನಿಮ್ಮ ಮೈಕ್ ಬಂದ್ ಅದ ನೋಡ್ರಿ.' ಬೆಂಗಳೂರಿನವರು ಇದನ್ನೇ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಅಷ್ಟೇ. ಆಮೇಲೆ ಯಾರೋ ಒಬ್ಬರು 'ಇನ್ನೂ ಇಬ್ಬರು ಬರೋದಿದೆ, ಎರಡು ನಿಮಿಷ ಕಾಯೋಣ' ಅನ್ನುತ್ತಾರೆ. ಟೈಮಿಗೆ ಸರಿಯಾಗಿ ಬಂದವರಿಗೆ ಇದೇ ಬಹುಮಾನ.

ಗದಗಿನ ಪಕ್ಕದ ಬೆಟಗೇರಿಯಲ್ಲಿ ಕೂತು ಕೆಲಸ ಮಾಡುವ ನನಗೆ ಇನ್ನೊಂದು ತಾಪತ್ರಯ ಇದೆ. ನಮ್ಮ ಓಣಿಯಲ್ಲಿ ಮಗ್ಗಗಳಿವೆ. ಮೈಕ್ ಆನ್ ಮಾಡಿದರೆ ನನಗಿಂತ ಮೊದಲು ಮಗ್ಗವೇ ಮಾತಾಡುತ್ತದೆ. 'ಯಾರೋ ಜೋರಾಗಿ ಟೈಪ್ ಮಾಡ್ತಿದ್ದಾರೆ' ಎಂದು ಒಮ್ಮೆ ನಮ್ಮ ಮ್ಯಾನೇಜರ್ ಗೊಣಗಿದರು. 'ಟೈಪಿಂಗ್ ಅಲ್ಲ ಸರ್, ಬಾಜೂಮನೆಯಲ್ಲಿ ಸೀರೆ ನೇಯ್ತಿದ್ದಾರೆ' ಅಂದೆ. ನಿಜ ಹೇಳಬೇಕೆಂದರೆ, ಆ ಒಂದು ತಾಸಿನಲ್ಲಿ ಏನಾದರೂ ತಯಾರಾಗಿದ್ದರೆ ಅದು ಬಾಜೂಮನೆಯಲ್ಲೇ. ಈಗ ಮೈಕ್ ಬಂದ್ ಇಟ್ಟಿರುತ್ತೇನೆ, ಮಾತಾಡುವಾಗ ಮಾತ್ರ ಸ್ಪೇಸ್ ಬಾರ್ ಒತ್ತಿ ಹಿಡಿಯುತ್ತೇನೆ. ಜೂಮ್‌ನಲ್ಲಿ ಬೆರಳು ಎತ್ತಿದ ಕೂಡಲೇ ಮತ್ತೆ ಮ್ಯೂಟ್ ಆಗುತ್ತದೆ. ಬೆರಳು ನೋಯುವುದರಿಂದ ಭಾಷಣವೂ ಉದ್ದ ಆಗುವುದಿಲ್ಲ. ಎಲ್ಲರಿಗೂ ಇದನ್ನು ಕಡ್ಡಾಯ ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೀಟಿಂಗ್ ಮಾಡುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು 1905ರಲ್ಲಿ, ಸಹಕಾರಿ ಸಂಘಗಳ ಕಾಯ್ದೆ ಬಂದ ಮರುವರ್ಷವೇ. ಅಂದಿನಿಂದ ಈ ಸೀಮೆಯ ಊರೂರಲ್ಲಿ ಸೊಸೈಟಿ, ಊರೂರಲ್ಲಿ ಸಭೆ. ಸೊಸೈಟಿ ಸಭೆಯಲ್ಲಿ ಜಗಳ ಕಡಿಮೆ ಏನಿಲ್ಲ, ಬೀಜ-ಗೊಬ್ಬರದ ಸಾಲದ ಮಾತು ಬಂದರೆ ಅರ್ಧ ತಾಸು ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಆದರೆ ಮೊದಲೇ ನೋಟೀಸು ಬಂದಿರುತ್ತದೆ, ಅದರಲ್ಲಿ ವಿಷಯಗಳು ನಂಬರಿನ ಪ್ರಕಾರ ಇರುತ್ತವೆ, ಬೇಕಾದಷ್ಟು ಸದಸ್ಯರು ಬಂದು ಕೋರಂ ಆಗದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ, ಮತ್ತು ಎಷ್ಟೇ ಕೂಗಾಡಿದರೂ ಕೊನೆಗೆ ಠರಾವು ಪುಸ್ತಕದಲ್ಲಿ ಸೂಚಕರು ಇಂಥವರು, ಅನುಮೋದಕರು ಇಂಥವರು ಎಂದು ಬರೆದಾಗುತ್ತದೆ. ಮುಂದಿನ ಸಭೆ ಶುರುವಾಗುವುದೇ ಹಿಂದಿನದನ್ನು ಓದಿ. 'ನಾನು ಹಂಗ ಅಂದೇ ಇಲ್ಲ' ಅನ್ನಲು ಬರುವುದಿಲ್ಲ.

ನಮ್ಮ ಆನ್‌ಲೈನ್ ಮೀಟಿಂಗಿನಲ್ಲಿ ಇಲ್ಲದಿರುವುದು ಇದೇ. ರೆಕಾರ್ಡಿಂಗ್ ಇದೆಯಲ್ಲ ಅನ್ನುತ್ತಾರೆ. ಒಂದು ತಾಸಿನ ಬೇಸರವನ್ನು ಮತ್ತೊಂದು ತಾಸು ಕೂತು ನೋಡುವ ಪುಣ್ಯಾತ್ಮರು ಯಾರಿದ್ದಾರೆ? ಅದರ ಬದಲು ಮುಗಿಯುವ ಮೊದಲು ಚಾಟ್‌ನಲ್ಲಿ ಮೂರು ಸಾಲು ಬರೆದರೆ ಸಾಕು. ಏನು ತೀರ್ಮಾನ ಆಯಿತು, ಯಾರು ಮಾಡಬೇಕು, ಯಾವಾಗಿನೊಳಗೆ. ಹೆಸರು ಬರೆಯಲೇಬೇಕು. 'ಟೀಮ್ ನೋಡಿಕೊಳ್ಳುತ್ತದೆ' ಎಂದು ಬರೆದ ಕೆಲಸವನ್ನು ಯಾರೂ ನೋಡಿಕೊಳ್ಳುವುದಿಲ್ಲ, ಅಲ್ವಾ? ತೀರ್ಮಾನ ಮಾಡುವಂಥದ್ದು ಏನೂ ಇಲ್ಲದಿದ್ದರೆ ಮೇಲ್ ಹಾಕಿ ಬಿಡಿ. ಹನ್ನೆರಡು ಜನರನ್ನು ಒಂದು ತಾಸು ಸುಮ್ನೆ ಕೂರಿಸಿದರೆ ಹನ್ನೆರಡು ತಾಸು ಹೋಯಿತು, ಒಬ್ಬರ ಒಂದೂವರೆ ದಿನದ ಕೆಲಸ ಅದು.

ಜೂಮ್‌ನ ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಮೀಟಿಂಗ್ ತಾನೇ ಕಟ್ ಆಗುತ್ತದೆ. ಜನ ಇದನ್ನು ಜಿಪುಣತನ ಅನ್ನುತ್ತಾರೆ. ನನಗಂತೂ ಅಷ್ಟು ಗಟ್ಟಿ ಅಧ್ಯಕ್ಷರು ಇನ್ನೊಬ್ಬರು ಸಿಕ್ಕಿಲ್ಲ. ದುಡ್ಡು ಕೊಟ್ಟು ಆ ಮಿತಿಯನ್ನು ತೆಗೆಸಿಕೊಂಡ ಕಂಪನಿಗಳ ಬಗ್ಗೆ ನನಗೆ ಕನಿಕರ ಇದೆ.

ಇನ್ನು ಆ ಕೊನೆಯ ವಿಷಯ. ಸೊಸೈಟಿ ನೋಟೀಸಿನಲ್ಲಿ ಕಟ್ಟಕಡೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು' ಎಂದು ಇರುತ್ತದೆ. ಆಫೀಸಿನಲ್ಲಿ ಅದು 'ಬಿಡೋ ಮುಂಚೆ ಒಂದೇ ಒಂದು ಮಾತು' ಎಂಬ ರೂಪದಲ್ಲಿ ಬರುತ್ತದೆ, ಎಲ್ಲರೂ ಮೌಸನ್ನು ಲೀವ್ ಬಟನ್ನಿನ ಮೇಲೆ ಇಟ್ಟುಕೊಂಡಾಗ, ಊಟದ ಹೊತ್ತಿಗೆ. ಸೊಸೈಟಿಯಲ್ಲಾದರೆ ಅಷ್ಟೊತ್ತಿಗೆ ಚಹಾ, ಚುರುಮುರಿ ಬಂದಿರುತ್ತದೆ, ಇತರ ವಿಷಯ ಎಷ್ಟು ಬೇಕಾದರೂ ಬರಲಿ.