ಹಾಡೋಕೆ ಅಂತಾನೇ ಬರೋರು

ಭಾನುವಾರದಿಂದ ತಲೆ ಬಿಸಿಯಾಗಿದೆ. ಬರೆದರೆ ಸ್ವಲ್ಪ ಆರಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಚರ್ಚಿನಲ್ಲಿ ಆರಾಧನೆ ಮುಗಿದಿತ್ತು. ನಾವು ಕ್ವಾಯರ್‌ನವರು, ಅಂದರೆ ಹಾಡುವ ಗುಂಪಿನವರು, ಫೈಲು ಜೋಡಿಸಿಡುತ್ತಿದ್ದೆವು. ಕೆಲವು ವಾರಗಳಿಂದ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತು ಎದ್ದು ಹೋಗುತ್ತಿದ್ದ ಹುಡುಗಿ ಅವತ್ತು ಮುಂದೆ ಬಂದಳು. "ನಾನು ವಯಲಿನ್ ನುಡಿಸ್ತೀನಿ, ಹಾಡ್ತೀನಿ ಕೂಡ. ಸೇರಬಹುದಾ?" ಅಂತ ಕೇಳಿದಳು. ಕ್ವಾಯರ್ ಮಾಸ್ಟರ್ ಬಾಯಿ ತೆರೆಯುವ ಮೊದಲೇ ಕಮಿಟಿಯ ಹಿರಿಯರೊಬ್ಬರು ಮಧ್ಯೆ ಬಂದರು. "ಮೊದಲು ಒಂದಾರು ತಿಂಗಳು ಸುಮ್ನೆ ಬಾಮ್ಮ, ಆಮೇಲೆ ನೋಡೋಣ." ಅವಳು ಆಯ್ತು ಅಂತ ತಲೆಯಾಡಿಸಿ ಹೋದಳು. ಅವರು ನನ್ನ ಕಡೆ ತಿರುಗಿ ದನಿ ಇಳಿಸಿ ಹೇಳಿದರು: "ಇವರೆಲ್ಲ ಹಾಡೋಕೆ ಅಂತಾನೇ ಬರೋರು. ದೇವರಿಗಾಗಿ ಅಲ್ಲ."

ಹೇಳಿದ್ದು ಯಾರ ಹತ್ತಿರ ನೋಡಿ. ನನ್ನ ಹತ್ತಿರ!

ನನ್ನ ಕತೆ ನಿಮಗೆಲ್ಲ ಗೊತ್ತೇ ಇದೆ. ಹುಟ್ಟಿ ಬೆಳೆದ ಚರ್ಚು ಬಿಟ್ಟು, ಯಾರ ಪರಿಚಯವೂ ಇಲ್ಲದ ಈ ಚರ್ಚಿಗೆ ಬಂದದ್ದು, ಅದಕ್ಕೆ ಕಾರಣ ಏನು ಅನ್ನೋದು, ಅದನ್ನೆಲ್ಲ ಮತ್ತೆ ಹೇಳಲ್ಲ. ಆದರೆ ಹೊಸದರಲ್ಲಿ ಹೇಗಿತ್ತು ಅನ್ನೋದನ್ನು ಹೇಳಲೇಬೇಕು. ಸ್ವಾಗತಕ್ಕೇನೂ ಕೊರತೆ ಇರಲಿಲ್ಲ. ಎಬ್ಬಿಸಿ ನಿಲ್ಲಿಸಿದರು, ಚಪ್ಪಾಳೆ ತಟ್ಟಿದರು, ಹೆಸರು ನಂಬರು ಬರೆಸಿಕೊಂಡರು. ಮುಂದಿನ ವಾರ ಅದೇ ಜನ, ಅದೇ ನಗು, ಅದೇ ಪ್ರಶ್ನೆ: "ಹೊಸದಾಗಿ ಬಂದಿದ್ದೀರಾ?" ಅದರ ಮುಂದಿನ ವಾರವೂ ಅದೇ. ಪ್ರೀತಿಯಿಂದಲೇ ಕೇಳುತ್ತಿದ್ದರು ಅನ್ನೋದೇ ಇನ್ನೂ ಕಷ್ಟ. ಜಗಳ ಆಡೋಕೂ ಆಗಲ್ಲ.

ನೆಂಟರು ಮನೆಯವರಾಗೋದು ಯಾವಾಗ ಹೇಳಿ? ಕಾಫಿ ಕೊಟ್ಟು ಕೂರಿಸಿದಾಗ ಅಲ್ಲ. "ಸ್ವಲ್ಪ ಆ ಪಾತ್ರೆ ಈ ಕಡೆ ಕೊಡಿ" ಅಂದಾಗ. ನನಗೆ ಆ ಪಾತ್ರೆ ಸಿಕ್ಕಿದ್ದು ಕ್ವಾಯರ್‌ನ ಆಲ್ಟೋ ಸಾಲಿನಲ್ಲಿ, ಅಂದರೆ ಹೆಂಗಸರ ಕೆಳದನಿಯ ಸಾಲಿನಲ್ಲಿ.

ಅಪ್ಪ ಆರ್ಗನ್ ನುಡಿಸುತ್ತಿದ್ದದ್ದು ಇಲ್ಲಿನ ಹಳೇ ಓದುಗರಿಗೆ ನೆನಪಿರುತ್ತೆ. ಚಿಕ್ಕಂದಿನಿಂದ ಆಲ್ಟೋ ಹಾಡಿಸಿಯೇ ಬೆಳೆಸಿದರು. ಹಾಗಾಗಿ ಬೆಂಚಿನಲ್ಲಿ ನಿಂತಾಗಲೂ ನನ್ನ ಬಾಯಿಗೆ ಆಲ್ಟೋನೇ ಬರೋದು. ಒಂದು ಭಾನುವಾರ ಹಾಗೇ ಹಾಡುತ್ತಿದ್ದಾಗ ಮುಂದಿನ ಸಾಲಿನ ಹೆಂಗಸು ಗಕ್ಕನೆ ಹಿಂದೆ ತಿರುಗಿದರು. ಏನೋ ತಪ್ಪಾಯ್ತು ಅಂದುಕೊಂಡೆ. "ನೀವು ಆಲ್ಟೋ ಹಾಡ್ತಿದ್ದೀರಲ್ಲ? ಗುರುವಾರ ಪ್ರಾಕ್ಟೀಸಿಗೆ ಬನ್ನಿ. ನಾವು ಮೂವರೇ ಇರೋದು, ಸಾಲ್ತಾ ಇಲ್ಲ" ಅಂದರು. ಯಾವ ಸಭೆಯಿಂದ ಬಂದಿರಿ, ದೀಕ್ಷಾಸ್ನಾನ ಯಾವಾಗ ಆಯ್ತು, ಯಾಕೆ ಬಂದಿರಿ, ಒಂದೂ ಕೇಳಲಿಲ್ಲ. ಸಾಲ್ತಾ ಇಲ್ಲ, ಬನ್ನಿ. ಅಷ್ಟೇ.

ಆಲ್ಟೋ ಹಾಡಿದವರಿಗೆ ಗೊತ್ತು, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ರಾಗ ಎಲ್ಲ ಮೇಲಿನ ದನಿಯ ಸೊಪ್ರಾನೋದವರ ಪಾಲು. ನಮಗೆ ಒಂದೇ ಸ್ವರ ಎರಡು ಸಾಲು, ಆಮೇಲೆ ಅರ್ಧ ಮೆಟ್ಟಿಲು ಕೆಳಗೆ, ಮತ್ತೆ ಅದೇ ಸ್ವರ. ಮೊದಲ ಗುರುವಾರ ಒಂದು ಫೈಲಿಗೆ ಇಬ್ಬರು. ಆ ಹೆಂಗಸಿನ ಹಾಳೆ ತುಂಬ ಪೆನ್ಸಿಲ್ ಗುರುತು. ಒಂದು ಕಡೆ ಕನ್ನಡಕದ ಚಿತ್ರ ಬರೆದಿದ್ದರು. ಅಲ್ಲಿ ಮಾಸ್ಟರ್ ಕೈ ನೋಡಬೇಕಂತೆ. ಒಂದು ಉದ್ದದ ಸಾಲು ಬಂತು, ಮಧ್ಯೆ ಉಸಿರಿಗೆ ಜಾಗವೇ ಇಲ್ಲ. ಅವರು ಪೆನ್ಸಿಲ್ ತುದಿಯಿಂದ ಹಾಳೆ ಕುಟ್ಟಿ ಮೆಲ್ಲಗೆ ಹೇಳಿದರು: "ಇಲ್ಲಿ ನೀವು ಉಸಿರು ತಗೊಳ್ಳಿ, ನಾನು ಬಿಡಲ್ಲ. ಅಲ್ಲಿ ನಾನು ತಗೋತೀನಿ, ನೀವು ಎಳೀರಿ." ಕೇಳುವವರಿಗೆ ದನಿ ಎಲ್ಲೂ ಕಡಿಯಲ್ಲ. ಅವರಿಗೆ ಆಗ ನನ್ನ ಹೆಸರೂ ನೆಟ್ಟಗೆ ಗೊತ್ತಿರಲಿಲ್ಲ.

ಸ್ವಲ್ಪ ದಿನ ಕಳೆದು ಜ್ವರ ಬಂದು ಪ್ರಾಕ್ಟೀಸ್ ತಪ್ಪಿಸಿದೆ. ರಾತ್ರಿ ಫೋನು. "ಎಲ್ಲಿ ಹೋದ್ರಿ? ಆಲ್ಟೋ ಪೂರ್ತಿ ಬಿದ್ದು ಹೋಯ್ತು ಇವತ್ತು!" ಬೈಗುಳವೇ. ಫೋನ್ ಇಟ್ಟು ಅತ್ತೆ. ಖುಷಿಗೆ. ಅಲ್ಲಿಯವರೆಗೆ ನಾನು ಬಂದರೆ ನಗುತ್ತಿದ್ದರು, ಬರದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಈಗ ಆ ಹುಡುಗಿ ಆರು ತಿಂಗಳು ಸುಮ್ನೆ ಬರಬೇಕಂತೆ. ಸುಮ್ನೆ ಬಂದು ಏನು ಮಾಡಬೇಕು? ನಮ್ಮ ಬೆನ್ನು ನೋಡಬೇಕಾ?

ಇದು ನನ್ನೊಬ್ಬಳ ಭಾವುಕತೆ ಅನ್ನುವವರಿಗೆ ಒಂದು ವಿಷಯ. ಬ್ರಿಟನ್ನಿನಲ್ಲಿ ಒಂದಿಷ್ಟು ಜನರನ್ನು ಹಾಡಿನ ತರಗತಿಗೆ, ಇನ್ನೊಂದಿಷ್ಟು ಜನರನ್ನು ಕರಕುಶಲ, ಬರವಣಿಗೆ ತರಗತಿಗಳಿಗೆ ಸೇರಿಸಿಕೊಂಡು 7 ತಿಂಗಳು ಗಮನಿಸಿದರು. ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ ಮತ್ತು ಜೊತೆಯವರ ಅಧ್ಯಯನ, 2015ರಲ್ಲಿ ಪ್ರಕಟವಾಯಿತು. ಕೊನೆಗೆ ಎಲ್ಲ ಗುಂಪಿನವರೂ ಹತ್ತಿರವಾದರು, ಅದರಲ್ಲಿ ಹಾಡಿನವರದ್ದೇನೂ ಹೆಚ್ಚುಗಾರಿಕೆ ಇಲ್ಲ. ಆದರೆ ಹಾಡಿನವರು ಬೇಗ ಹತ್ತಿರವಾದರು. ಶುರುವಿನಲ್ಲೇ, ಒಬ್ಬರ ವಿಷಯ ಒಬ್ಬರಿಗೆ ಜಾಸ್ತಿ ಗೊತ್ತಾಗುವ ಮೊದಲೇ. ಹೊಸಬರು ಉಳಿಯೋದು ಬಿಡೋದು ತೀರ್ಮಾನ ಆಗೋದೂ ಆ ಶುರುವಿನಲ್ಲೇ ಅಲ್ವಾ? ನಾವು ಆ ಶುರುವನ್ನೇ ಬೀಗ ಹಾಕಿ ಇಟ್ಟುಕೊಂಡಿದ್ದೇವೆ.

ಹಿರಿಯರ ಕಡೆಯ ವಾದವೂ ನನಗೆ ಗೊತ್ತು. ಸಂಗೀತದ ಸುಖವೇ ಬೇರೆ, ಭಕ್ತಿಯೇ ಬೇರೆ. ರಾಗಕ್ಕೆ ಮರುಳಾದವರು ಮಾತು ಮರೆಯುತ್ತಾರೆ. ಹಳೇ ಕಾಲದ ದೊಡ್ಡ ಕ್ರೈಸ್ತ ಗುರು ಸಂತ ಅಗಸ್ಟೀನರೇ ಹೆದರಿದ್ದರಲ್ಲ ಅಂತ ಅವರು ಅವತ್ತೇ ಹೇಳಿದರು. ಹೌದು, ಹೆದರಿದ್ದರು. ಹಾಡಿದ ಮಾತಿಗಿಂತ ಹಾಡುವ ದನಿಯೇ ಮನಸ್ಸನ್ನು ಜಾಸ್ತಿ ಅಲುಗಾಡಿಸಿದರೆ ಅದು ತನ್ನ ಪಾಪ ಅಂತಲೇ ಬರೆದುಕೊಂಡರು. ಆದರೆ ಸ್ವಾಮಿ, ಪೂರ್ತಿ ಓದಬೇಕು. 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ಹೊಸದರಲ್ಲಿ ಸಭೆಯ ಹಾಡು ಕೇಳಿ ಗಳಗಳ ಅತ್ತೆ ಅಂತಲೂ ಅದೇ ಅಗಸ್ಟೀನರು ಬರೆದಿದ್ದಾರೆ. ಆಗ ಅವರು ನಂಬಿಕೆಗೆ ಹೊಸಬರು, ನಮ್ಮ ಹಿಂದಿನ ಬೆಂಚಿನವರ ಹಾಗೆ. ಹಾಡಿಗೆ ಹೆದರುವಾಗಲೂ ಆ ಕಣ್ಣೀರನ್ನೇ ನೆನೆದು, ಚರ್ಚಿನಲ್ಲಿ ಹಾಡು ಇರಲಿ ಅಂತಲೇ ಮುಗಿಸಿದರು. ಹೆದರಿಕೆಯ ಸಾಲು ಮಾತ್ರ ಹಿಡಿದುಕೊಂಡು ಬಂದರೆ ಹೇಗೆ?

ಮತ್ತೆ ಬೈಬಲಿನ ಪೌಲ. ಕೊರಿಂಥದವರಿಗೆ ಬರೆದ ಮೊದಲ ಪತ್ರ, 14ನೇ ಅಧ್ಯಾಯ, 26ನೇ ವಚನ. ಕೂಡಿ ಬರುವಾಗ ಒಬ್ಬೊಬ್ಬರೂ ಏನಾದರೊಂದನ್ನು ತರುತ್ತಾರೆ ಅನ್ನುತ್ತಾನೆ. ಆ ಪಟ್ಟಿಯಲ್ಲಿ ಮೊದಲಿಗೆ ಇರೋದು ಹಾಡು. ಆರು ತಿಂಗಳಾದ ಮೇಲೆ ತನ್ನಿ ಅಂತ ಎಲ್ಲೂ ಇಲ್ಲ, ನಾನು ಹುಡುಕಿದೆ.

ಹಾಡುವವರಲ್ಲಿ ಮೆರೆಯುವವರು ಇಲ್ಲವೇ ಇಲ್ಲ ಅನ್ನಲ್ಲ. ಇದ್ದಾರೆ. ಕ್ರಿಸ್ಮಸ್ ಹತ್ತಿರ ಬಂದರೆ ಒಬ್ಬರೇ ಹಾಡುವ ಸೋಲೋ ಯಾರಿಗೆ ಅಂತ ನಡೆಯುವ ಮುಖ ಊದಿಸಾಟ ನೋಡಬೇಕು ನೀವು. ಆದರೆ ಮೆರೆಯೋಕೆ ಬರುವವರಿಗೆ ಕ್ವಾಯರ್‌ಗಿಂತ ಕೆಟ್ಟ ಜಾಗ ಇಲ್ಲ. ಅಲ್ಲಿ ನಿಮ್ಮ ದನಿ ಬೇರೆಯಾಗಿ ಕೇಳಿಸಿದರೆ ಅದೇ ತಪ್ಪು. ಮಾಸ್ಟರ್ ಕಣ್ಣು ಬಿಡುತ್ತಾರೆ. ಮೆರೆಯಬೇಕು ಅಂದರೆ ಪ್ರಕಟಣೆ ಓದುವ ಮೈಕು ಎಷ್ಟೋ ವಾಸಿ. (ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಸರಿ, ಹೇಳಿದ್ದೇ.)

ಹಾಡೋಕೆ ಬರದವರು ಏನು ಮಾಡಬೇಕು ಅಂತ ಕೇಳಬೇಡಿ. ಹಾಳೆ ತಿರುಗಿಸುವವರು, ಫೈಲು ಜೋಡಿಸುವವರು, ವೈರು ಎಳೆಯುವವರು, ಎಲ್ಲರೂ ಬೇಕು ನಮಗೆ.

ನನ್ನನ್ನು ಕೆರಳಿಸಿದ್ದು ಇನ್ನೊಂದು. ಕಾಣಿಕೆ ಎಣಿಸೋಕೆ ಕೂರುವವರನ್ನು "ನೀವು ಎಣಿಸೋಕೆ ಅಂತಾನೇ ಬರ್ತೀರಾ?" ಅಂತ ಯಾರಾದರೂ ಕೇಳಿದ್ದಾರಾ? ಕಮಿಟಿ ಚುನಾವಣೆಗೆ ನಿಲ್ಲುವವರನ್ನು? ಬಂದ ಕಾರಣ ಶುದ್ಧವೋ ಇಲ್ಲವೋ ಅನ್ನುವ ಪರೀಕ್ಷೆ ಬರೀ ಹಾಡುವವರಿಗೆ ಯಾಕೆ?

ನಿಜ ಹೇಳಲಾ? ನಾನೂ ಎಷ್ಟೋ ಭಾನುವಾರ ಹಾಡೋಕೆ ಅಂತಾನೇ ಹೋಗಿದ್ದೇನೆ. ಅಪ್ಪ ತೀರಿಕೊಂಡ ವರ್ಷ ನಾನು ಪ್ರಾರ್ಥನೆ ಮಾಡೋಕೆ ಕೂತರೆ ಒಂದು ಮಾತೂ ಹೊರಡುತ್ತಿರಲಿಲ್ಲ. ಪಾದ್ರಿಗಳ ಪ್ರಸಂಗ ಕಿವಿಗೆ ಬೀಳುತ್ತಿರಲಿಲ್ಲ. ಆದರೂ ಹೋಗುತ್ತಿದ್ದೆ, ಯಾಕೆಂದರೆ ಆಲ್ಟೋದಲ್ಲಿ ನಾವು ನಾಲ್ಕೇ ಜನ. ನಾನು ಹೋಗದಿದ್ದರೆ ಆ ಉದ್ದದ ಸಾಲಿನಲ್ಲಿ ಪಕ್ಕದವರಿಗೆ ಉಸಿರು ತಗೊಳ್ಳೋಕೆ ಆಗಲ್ಲ. ಬೇರೆ ಯಾರೋ ಬರೆದಿಟ್ಟ ಮಾತನ್ನು ಹಾಡಿ ಮನೆಗೆ ಬರುತ್ತಿದ್ದೆ. ನನ್ನ ಕೈಲಿ ಆಗುತ್ತಿದ್ದದ್ದು ಅಷ್ಟೇ. ಅದನ್ನು ದೇವರಿಗಾಗಿ ಅಲ್ಲ ಅಂತ ತೀರ್ಪು ಕೊಡೋಕೆ ಇವರಿಗೆ ಯಾರು ಹೇಳಿದರು?

ಸರಿ, ಕೋಪ ಸಾಕು. ಹುಡುಗಿಯನ್ನು ಈ ಗುರುವಾರದ ಪ್ರಾಕ್ಟೀಸಿಗೆ ಕರೆದಿದ್ದೇನೆ. ವಯಲಿನ್ ಜೊತೆಗೇ ಬಾ ಅಂದಿದ್ದೇನೆ. ಮಾಸ್ಟರ್ ಒಪ್ಪಿದ್ದಾರೆ, ಸ್ವಲ್ಪ ಹೆದರಿಕೊಂಡು. ಆರು ತಿಂಗಳ ಈ ನಿಯಮ ತೆಗೆದುಹಾಕಿ ಅಂತ ಕಮಿಟಿಗೆ ಪತ್ರ ಕೊಟ್ಟಾಗಿದೆ, ಮುಂದಿನ ಸಭೆಯಲ್ಲಿ ಚರ್ಚೆಗೆ ಬರುತ್ತೆ. ನಮ್ಮ ಚರ್ಚಿನವರು ಇಲ್ಲಿ ತುಂಬ ಜನ ಇದ್ದೀರಿ, ನನಗೆ ಗೊತ್ತು. ಅವತ್ತು ಬಂದು ಕೈ ಎತ್ತಿ. ಇಲ್ಲಿ "ಸರಿಯಾಗಿ ಹೇಳಿದ್ರಿ ಅಕ್ಕ" ಅಂತ ಬರೆದು, ಅಲ್ಲಿ ಹಿರಿಯರ ಮುಖ ನೋಡಿ ಸುಮ್ನೆ ಕೂತವರ ಹೆಸರನ್ನು ಮುಂದಿನ ಪೋಸ್ಟಿನಲ್ಲಿ ಹಾಕ್ತೀನಿ.